ಐವತ್ತೊಂದನೆಯ ಹೌದು

ನನ್ನ ಗಂಡ ಈನಕ್ ಪ್ರೋಬರ್ಟ್ ಎರಡು ವರ್ಷ ಶಾಸಕನಾಗಿದ್ದ. ಅದಕ್ಕೂ ಮೊದಲು ಕಲ್ಲಿದ್ದಲು ಗಣಿಯಲ್ಲಿ ತೂಕ ನೋಡುವವನಾಗಿದ್ದ. ಅದಾದ ಮೇಲೆ ಹನ್ನೊಂದು ವರ್ಷ ಬದುಕಿದ್ದ, ಏನೂ ಆಗಿರಲಿಲ್ಲ. ಅವನ ವಿಷಯಕ್ಕೆ ನಮ್ಮ ಟ್ಯಾನರ್ಸ್ ರನ್ ಊರಿನವರು ಆಡುವ ಮಾತೆಲ್ಲ ನನ್ನ ಕಿವಿಗೂ ಬಿದ್ದಿದೆ. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಅವರಿಗೆ ಗೊತ್ತಿರುವುದು ಅರ್ಧ. ಉಳಿದರ್ಧ ಗೊತ್ತಿದ್ದವರು ಇಬ್ಬರೇ, ಅವರಲ್ಲಿ ಒಬ್ಬ ಮಣ್ಣು ಸೇರಿದ. ನಾನು ರೋಡಾ ಪ್ರೋಬರ್ಟ್, ಎಪ್ಪತ್ತು ದಾಟಿದೆ. ಇನ್ನು ಯಾರಿಗೆ ಹೆದರಬೇಕು ಎಂದುಕೊಂಡು ಬರೆಯಲು ಕೂತಿದ್ದೇನೆ. ಹೆದರಿಕೆ ಈಗಲೂ ಇದೆ, ಇಲ್ಲವೆನ್ನಲಾರೆ.

ಗಣಿಯಿಂದ ಮೇಲೆ ಬಂದ ಪ್ರತಿ ಬಂಡಿಯನ್ನೂ ಕಂಪನಿಯ ಆಳು ತೂಗಿ ಬರೆದುಕೊಳ್ಳುತ್ತಾನೆ, ಕೂಲಿ ಆ ತೂಕದ ಮೇಲೆ. ಅವನು ಕಮ್ಮಿ ಬರೆಯದ ಹಾಗೆ ಪಕ್ಕದಲ್ಲಿ ನಿಂತು ನೋಡಲು ಗಣಿಯ ಕೆಲಸಗಾರರು ತಾವೇ ಸಂಬಳ ಕೊಟ್ಟು ಒಬ್ಬನನ್ನು ಇಟ್ಟುಕೊಳ್ಳುತ್ತಾರೆ. ಊರಿಗೆಲ್ಲ ನಂಬಿಕಸ್ತ ಯಾರೋ ಅವನನ್ನೇ ಆರಿಸುವುದು. ಈನಕ್ ಆರು ವರ್ಷ ಅಲ್ಲಿ ನಿಂತ. ಕಂಪನಿಯವನ ಕಳ್ಳತನ ಎಷ್ಟೋ ಸಲ ಹಿಡಿದ. ಆದರೆ ಒಮ್ಮೆ ನನ್ನ ತಮ್ಮ ಐವರ್‌ನ ಬಂಡಿಯಲ್ಲಿ ಕಲ್ಲಿದ್ದಲಿನ ಕೆಳಗೆ ಬರೀ ಬಂಡೆಚೂರು ಕಂಡಾಗ ಅದನ್ನೂ ಅವನೇ ಎಲ್ಲರೆದುರಿಗೆ ಕೂಗಿ ಹೇಳಿದ.

ಅವತ್ತು ಸಂಜೆ ಐವರ್ ನಮ್ಮ ಬಾಗಿಲಲ್ಲೇ ನಿಂತು ರೇಗಿದ. "ಭಾವ, ನೀನು ನಮ್ಮ ಕಡೆಯವನೋ ಕಂಪನಿ ಕಡೆಯವನೋ?"

"ತಕ್ಕಡಿ ಕಡೆಯವನು," ಎಂದ ಈನಕ್. "ಕೈ ತೊಳ್ಕೊಂಡು ಬಾ, ಊಟ ಆರಿಹೋಗ್ತಿದೆ."

"ಅಕ್ಕ, ನೋಡೇ ಇವನ್ನ! ನನ್ನ ಕೂಲಿ ಕಿತ್ಕೊಂಡು ಊಟಕ್ಕೆ ಬೇರೆ ಕರೀತಾನೆ."

"ಕಲ್ಲು ತುಂಬು ಅಂತ ನಿಂಗ್ಯಾರು ಹೇಳಿದ್ರು? ನಾಚಿಕೆ ಇಲ್ದೋನೆ, ಒಳಗೆ ಬಾ," ಎಂದೆ ನಾನು. ಬಂದ. ಹಂದಿಮಾಂಸ, ಆಲೂಗಡ್ಡೆ ಹಾಕಿದ ಸಾರನ್ನು ಎರಡು ಬಟ್ಟಲು ಕುಡಿದು, ಮೂರನೆಯದಕ್ಕೆ ಕೈಯೊಡ್ಡುವಷ್ಟರಲ್ಲಿ ಸಿಟ್ಟು ಮರೆತಿದ್ದ.

ಐವರ್ ನನಗೆ ತಮ್ಮನೆಂಬುದು ಹೆಸರಿಗೆ ಮಾತ್ರ. ವೇಲ್ಸ್‌ನಿಂದ ಅಮೆರಿಕಕ್ಕೆ ಬರುವ ಹಡಗಿನಲ್ಲೇ ಅಮ್ಮ ತೀರಿಕೊಂಡಾಗ ಅವನಿಗೆ ಎರಡು ವರ್ಷ, ನನಗೆ ಹದಿನೈದು. ನನ್ನ ಸೊಂಟದ ಮೇಲೆ ಬೆಳೆದವನು. ನನಗೆ ಮಕ್ಕಳಾಗಲಿಲ್ಲ. ಕೊರಗೇನೂ ಇರಲಿಲ್ಲ, ಇವನಿದ್ದನಲ್ಲ. ಅವನಿಗೆ ಕೆಟುರಾಳನ್ನು ನೋಡಿ ಮದುವೆ ಮಾಡಿಸಿದವಳೂ ನಾನೇ. ಮೂರು ಮಕ್ಕಳಾದವು. ದಿನಾ ಬೆಳಿಗ್ಗೆ ಗಣಿಗೆ ಹೋಗುವಾಗ ನಮ್ಮ ಕಿಟಕಿಗೆ ಬೆರಳಿನಿಂದ ಒಂದು ಸಲ ತಟ್ಟಿ ಹೋಗುತ್ತಿದ್ದ.

ಆ ಗಣಿಗೆ ಒಂದೇ ಬಾಯಿ. ಮುನ್ನೂರು ಅಡಿ ಆಳದ ಬಾವಿ. ಜನ ಇಳಿಯುವುದೂ ಅದರಲ್ಲೇ, ಕಲ್ಲಿದ್ದಲು ಏರುವುದೂ ಅದರಲ್ಲೇ. ಗಾಳಿಯೂ ಅದೇ ಬಾವಿಯಲ್ಲಿ ಒಂದು ಪಕ್ಕ ಇಳಿದು ಇನ್ನೊಂದು ಪಕ್ಕ ಏರಬೇಕು. ನಡುವೆ ಹಲಗೆಯ ಗೋಡೆ. ಗಾಳಿ ಎಳೆಯಲಿ ಎಂದು ತಳದಲ್ಲಿ ಹಗಲೂ ರಾತ್ರಿ ಉರಿಯುವ ಒಲೆ. ಬಾವಿಯ ಮೇಲೆ ಮೂರಂತಸ್ತಿನ ಮರದ ಕಟ್ಟಡ. ಬೆಂಕಿ, ಮರ, ಒಂದೇ ದಾರಿ: ಇದು ಎಲ್ಲಿಗೆ ಮುಟ್ಟುತ್ತದೆಂದು ನಮ್ಮೂರಿನ ಯಾವ ಹೆಂಗಸಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಪೆನ್ಸಿಲ್ವೇನಿಯಾದಲ್ಲಿ ಅಂಥದೇ ಗಣಿ ಹೊತ್ತಿಕೊಂಡು ನೂರಕ್ಕೂ ಹೆಚ್ಚು ಜನ ಸತ್ತ ಸುದ್ದಿ ಬಂದಾಗ ನಮ್ಮ ಚಾಪೆಲ್ಲಿನ ಭಾನುವಾರದ ಪ್ರಾರ್ಥನೆಯಲ್ಲಿ ಯಾರೂ ಹಾಡಲಿಲ್ಲ. ಇನ್ನೊಂದು ಬಾವಿ ತೋಡಿಸಿ ಎಂದು ಗಣಿಯವರು ಕೇಳಿದರು. ಕಾನೂನಿದೆಯಾ ಎಂದು ಕಂಪನಿ ಕೇಳಿತು. ಇರಲಿಲ್ಲ.

ಹಾಗಾಗಿ ಕಾನೂನು ಮಾಡಿಸಲು ಶಾಸನಸಭೆಯ ಚುನಾವಣೆಗೆ ನಿಲ್ಲು ಎಂದು ಈನಕ್‌ಗೆ ಹೇಳಿದರು. ಅವನು ಬೇಡವೆಂದ. "ನನಗೆ ಭಾಷಣ ಬರಲ್ಲ. ನಾನು ಎದ್ದು ನಿಂತ್ರೆ ಎದುರಿಗಿದ್ದೋರು ಮಲಗ್ತಾರೆ."

"ಭಾಷಣ ಮಾಡೋ ಕಳ್ಳರು ಅಲ್ಲಿ ಬೇಕಾದಷ್ಟಿದಾರೆ," ಎಂದ ಐವರ್. "ನೀನು ಹೋಗಿ ಒಂದು ಸಲ 'ಹೌದು' ಅಂದು ಬಾ, ಸಾಕು. ಅಷ್ಟು ಬರುತ್ತಲ್ಲ ಬಾಯಿಗೆ? ಹೋಗೋಕೆ ಮುಂಚೆ ಉಗುರೊಳಗಿನ ಮಸಿ ಮಾತ್ರ ತೆಗೆಸ್ಕೋ. ಅಕ್ಕ, ಸೋಡಾ ಹಾಕಿ ಉಜ್ಜೇ."

ಗೆದ್ದ. ನಮ್ಮ ಇಡೀ ಜಿಲ್ಲೆಯಲ್ಲಿ ಅವನ ಮೇಲೆ ಒಂದು ಕೆಟ್ಟ ಮಾತು ಹುಡುಕಲು ಎದುರು ಪಕ್ಷದವರಿಗೆ ಆಗಲಿಲ್ಲ. ಗೆದ್ದ ಸಂಜೆ ಚಾಪೆಲ್ಲಿನಲ್ಲಿ ಒಬ್ಬೊಬ್ಬರಾಗಿ ಬಂದು ಕೈ ಕುಲುಕಿದರು. ನಾನು ಪಕ್ಕದಲ್ಲಿ ನಿಂತು ಉಬ್ಬಿಹೋಗಿದ್ದೆ. ಉಬ್ಬಿದ್ದೇ ನನ್ನ ರೋಗ. ಅದು ಆಗ ನನಗೆ ತಿಳಿಯಲಿಲ್ಲ.

ಜನವರಿಯಲ್ಲಿ ಸಭೆ ಶುರುವಾಯಿತು. ಫೆಬ್ರವರಿಯ ಕೊನೆಯಲ್ಲಿ ನಾನೂ ರಾಜಧಾನಿಗೆ ಹೋದೆ. ಬಾಡಿಗೆ ಮನೆಯೊಂದರಲ್ಲಿ ಮೂರನೆಯ ಮಹಡಿಯ ಕೋಣೆ, ಕೆಳಗೆ ಉದ್ದನೆಯ ಊಟದ ಮೇಜು, ಸುತ್ತ ಹತ್ತು ಹನ್ನೆರಡು ಶಾಸಕರು. ಎರಡು ಪಕ್ಷದವರೂ ಒಂದೇ ಪಾತ್ರೆಯಿಂದ ಬಡಿಸಿಕೊಂಡು, ಹಗಲಲ್ಲಿ ಬೈದಾಡಿದ್ದನ್ನು ನೆನೆಸಿಕೊಂಡು ನಗುತ್ತಿದ್ದರು. ನನಗೆ ಅದೆಲ್ಲ ವಿಚಿತ್ರವಾಗಿ ಕಾಣುತ್ತಿತ್ತು. ಈನಕ್ ಮಾತ್ರ ಅವರ ನಡುವೆ ತಲೆ ತಗ್ಗಿಸಿ ಉಣ್ಣುತ್ತಿದ್ದ. ಅವರಿಗೆ ಅವನನ್ನು ಕಂಡರೆ ಒಂದು ಬಗೆಯ ಗೌರವ, ಒಂದು ಬಗೆಯ ತಮಾಷೆ.

ಗಣಿ ಮಸೂದೆಯನ್ನು ನಡೆಸುತ್ತಿದ್ದವನು ನಮ್ಮ ಕಡೆಯ ಹಳೆಯ ಹುಲಿ, ಕ್ರ್ಯಾಂಡಲ್. ಐದು ಸಲ ಗೆದ್ದವನು. ಎಲ್ಲರ ಹೆಸರೂ ಅವನ ಬಾಯಲ್ಲಿತ್ತು. "ಐವತ್ತೊಂದು ಕಟ್ಟಿದೀನಮ್ಮ," ಎಂದು ಒಂದು ದಿನ ಊಟದ ಹೊತ್ತಿಗೆ ನನ್ನ ಕಿವಿಯಲ್ಲಿ ಹೇಳಿದ. "ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಮಂಗಳವಾರ ಬರುತ್ತೆ. ಅಲ್ಲೀವರೆಗೆ ನಿಮ್ಮ ಯಜಮಾನರಿಗೆ ನೆಗಡಿ ಆಗದ ಹಾಗೆ ನೋಡ್ಕೊಳ್ಳಿ."

ಆ ಸಭೆಯಲ್ಲಿ ನೂರು ಜನ. ಮಸೂದೆ ಕಾನೂನಾಗಬೇಕಾದರೆ ನೂರರಲ್ಲಿ ಐವತ್ತೊಂದು ಜನ 'ಹೌದು' ಎನ್ನಬೇಕು. ಎಷ್ಟು ಜನ ಬಂದಿದ್ದರು, ಎಷ್ಟು ಜನ 'ಇಲ್ಲ' ಎಂದರು ಎಂಬುದು ಲೆಕ್ಕಕ್ಕಿಲ್ಲ. ಐವತ್ತೊಂದು ಹೌದು ಬೇಕು, ಅಷ್ಟೇ. ಇದನ್ನು ಓದುತ್ತಿರುವವರು ಇದೊಂದನ್ನು ನೆನಪಿಟ್ಟುಕೊಳ್ಳಿ. ಈನಕ್ ಇದನ್ನೇ ಸರಿಯಾಗಿ ತಲೆಗೆ ಹಾಕಿಕೊಳ್ಳಲಿಲ್ಲ.

ಬುಧವಾರ ಬೆಳಿಗ್ಗೆ ಅವನು ಮೆಟ್ಟಿಲಿಳಿಯುವಾಗ ಹ್ಯಾಡ್ಲಿ ಎಂಬ ಎದುರು ಪಕ್ಷದ ವಕೀಲ ಕೆಳಗೆ ಪೆಟ್ಟಿಗೆ ಹಿಡಿದು ನಿಂತಿದ್ದ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ನಾನು ಹಿಂದೆಯೇ ಇದ್ದೆ, ಎಲ್ಲ ಕೇಳಿಸಿಕೊಂಡೆ.

"ಪ್ರೋಬರ್ಟ್, ಊರಿಂದ ತಂತಿ ಬಂದಿದೆ. ನನ್ನ ಹೆಂಡತಿ ಉಳಿಯೋದು ಅನುಮಾನ. ಹತ್ತರ ರೈಲಿಗೆ ಹೊರಟೆ. ಶನಿವಾರದವರೆಗೆ ನನ್ನ ಜೊತೆ ಜೋಡಿ ಆಗ್ತೀರಾ? ಇನ್ಯಾರನ್ನ ಕೇಳೋಕೂ ಹೊತ್ತಿಲ್ಲ."

ಜೋಡಿಯಾಗುವುದು ಆ ಸಭೆಯ ಹಳೆಯ ಪದ್ಧತಿ. ಒಬ್ಬನಿಗೆ ಊರು ಬಿಡಬೇಕಾಗಿ ಬಂದರೆ ಎದುರು ಪಕ್ಷದ ಒಬ್ಬ ತಾನೂ ಮತ ಹಾಕುವುದಿಲ್ಲವೆಂದು ಮಾತು ಕೊಡುತ್ತಾನೆ. ಒಂದು ಹೌದು, ಒಂದು ಇಲ್ಲ, ಎರಡೂ ಕಳೆದುಹೋಗುತ್ತವೆ. ಯಾರಿಗೂ ನಷ್ಟವಿಲ್ಲ. ಬರಹವಿಲ್ಲ, ಸಹಿಯಿಲ್ಲ. ಕೈ ಕೊಟ್ಟರೆ ಮುಗಿಯಿತು. ಜೋಡಿ ಮುರಿದವನ ಜೊತೆ ಆಮೇಲೆ ಆ ಮೇಜಿನಲ್ಲಿ ಯಾರೂ ಉಣ್ಣುತ್ತಿರಲಿಲ್ಲ.

"ಎಲ್ಲದಕ್ಕೂನಾ?" ಎಂದು ಕೇಳಿದ ಈನಕ್.

"ಎಲ್ಲದಕ್ಕೂ. ಯಾವುದು ಯಾವಾಗ ಬರುತ್ತೋ ನನಗೇನು ಗೊತ್ತು?"

ಈನಕ್ ಕೈ ಕೊಟ್ಟ. ಗಣಿ ಮಸೂದೆ ಮಂಗಳವಾರ ಅಲ್ಲವೇ, ಇವನು ಶನಿವಾರಕ್ಕೆ ಬರುತ್ತಾನೆ. ಅದಲ್ಲದೆ ಹೆಂಡತಿ ಸಾಯುತ್ತಿದ್ದಾಳೆ ಎಂದವನ ಹತ್ತಿರ 'ಅದೊಂದು ಬಿಟ್ಟು' ಎಂದು ಚೌಕಾಸಿ ಮಾಡುವ ಜಾತಿಯವನಲ್ಲ ಈನಕ್. ಹ್ಯಾಡ್ಲಿ ಮೋಸ ಮಾಡಿದ ಎಂದು ನಮ್ಮೂರಿನವರು ಇವತ್ತಿಗೂ ಹೇಳುತ್ತಾರೆ. ಮಾಡಿದ್ದರೆ ಎಷ್ಟು ಚೆನ್ನಾಗಿತ್ತು! ಬೈಯಲು ಒಬ್ಬನಿರುತ್ತಿದ್ದ. ಅವನ ಹೆಂಡತಿ ನಿಜವಾಗಿಯೂ ಶುಕ್ರವಾರ ತೀರಿಕೊಂಡಳು.

ಗುರುವಾರ ಮಧ್ಯಾಹ್ನ, ಯಾರೂ ಎಣಿಸದಿದ್ದಾಗ, ಸ್ಪೀಕರ್ ಗಣಿ ಮಸೂದೆಯನ್ನು ಮುಂದಕ್ಕೆ ತಂದು ಕೂರಿಸಿದ. ಗಣಿ ಮಾಲೀಕರಿಗೆ ಬೇಕಾದವನು ಅವನು, ಜೋಡಿಯ ಸುದ್ದಿ ಅವನಿಗೆ ಹೇಗೋ ಮುಟ್ಟಿರಬೇಕು. ಕ್ರ್ಯಾಂಡಲ್‌ನ ಐವತ್ತೊಂದರಲ್ಲಿ ನಾಲ್ಕು ಜನ ಮಂಗಳವಾರದ ಹೊತ್ತಿಗೆ ಹೆದರಿಯೋ ಆಸೆಗೋ ಬಿದ್ದುಹೋಗಬಹುದಿತ್ತು. ಅವತ್ತು ಎಲ್ಲರೂ ಇದ್ದರು. ಹಾಗಾಗಿ ಕ್ರ್ಯಾಂಡಲ್ ಹೆದರಲಿಲ್ಲ, ಖುಷಿಯಾಗಿ ಕೈ ತಿಕ್ಕಿಕೊಂಡ. ಅವನಿಗೆ ಜೋಡಿಯ ವಿಷಯ ಗೊತ್ತಿರಲಿಲ್ಲ.

ನಾನು ಮೇಲಿನ ಹೆಂಗಸರ ಸಾಲಿನಲ್ಲಿದ್ದೆ. ನನ್ನ ಪಕ್ಕದಲ್ಲಿ ತುಪ್ಪಳದ ಕಾಲರಿನ ಕೋಟು ತೊಟ್ಟ ಒಬ್ಬಳು, ಯಾರೋ ಶಾಸಕನ ಹೆಂಡತಿ, ತನ್ನ ಗೆಳತಿಗೆ ಒಬ್ಬೊಬ್ಬರನ್ನೇ ತೋರಿಸಿ ಹೇಳುತ್ತಿದ್ದಳು. ನನ್ನ ಹತ್ತಿ ಬಟ್ಟೆಯನ್ನೂ ಕೈಯನ್ನೂ ಒಮ್ಮೆ ನೋಡಿ ಅರ್ಧ ಗೇಣು ಸರಿದು ಕೂತಿದ್ದಳು.

ಗುಮಾಸ್ತ ಹೆಸರು ಕರೆಯತೊಡಗಿದ. ಹೌದು, ಇಲ್ಲ, ಹೌದು, ಹೌದು. 'ಹ್ಯಾಡ್ಲಿ' ಎಂದಾಗ ಉತ್ತರವಿಲ್ಲ. 'ಪ್ರೋಬರ್ಟ್' ಎಂದ. ಈನಕ್ ಎದ್ದು ನಿಂತ.

"ನಾನು ಹ್ಯಾಡ್ಲಿಯವರ ಜೊತೆ ಜೋಡಿ ಆಗಿದೀನಿ. ಅವರಿದ್ದಿದ್ರೆ ಇಲ್ಲ ಅಂತಿದ್ರು, ನಾನು ಹೌದು ಅಂತಿದ್ದೆ. ಈಗ ಮತ ಹಾಕಲ್ಲ."

ಸಭೆಯಲ್ಲಿ ಒಂದು ಗುಜುಗುಜು ಎದ್ದಿತು. ಹೆಸರುಗಳು ಮುಗಿದವು. ಗುಮಾಸ್ತ ಕೂಡಿಸುವಷ್ಟರಲ್ಲೇ ಕ್ರ್ಯಾಂಡಲ್ ಈನಕ್‌ನ ಮೇಜಿನ ಹತ್ತಿರ ಬಂದಿದ್ದ. ಮೆಲ್ಲಗೆ ಮಾತಾಡುವ ಹೊತ್ತು ಅದಾಗಿರಲಿಲ್ಲ. ಅವನು ಕೂಗಿದ್ದು ಮೇಲಕ್ಕೆ ನಮಗೆಲ್ಲ ಕೇಳಿಸಿತು.

"ಎಂಥ ದಡ್ಡನಯ್ಯಾ ನೀನು! ಐವತ್ತಕ್ಕೆ ನಿಂತಿದೆ! ಹ್ಯಾಡ್ಲಿ ಇಲ್ಲಿ ಕೂತು ಇಲ್ಲ ಅಂದ್ರೂ ಅಷ್ಟೇ, ಊರಲ್ಲಿ ಕೂತು ಸುಮ್ನಿದ್ರೂ ಅಷ್ಟೇ. ಅವನ ಇಲ್ಲಕ್ಕೆ ಬೆಲೆಯೇ ಇಲ್ಲ. ನಿನ್ನ ಹೌದು ಮಾತ್ರ ಹೋಯ್ತು. ಇದು ಜೋಡಿನೇನಯ್ಯ? ಒಂದು ಕಡೆ ಮಾತ್ರ ಕತ್ತರಿಸೋ ಕತ್ತರಿ!"

ಈನಕ್‌ನ ಮುಖ ನೋಡಿದೆ. ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆರು ವರ್ಷ ತಕ್ಕಡಿಯ ಮುಂದೆ ನಿಂತವನು. ಎರಡು ಕಡೆಗೂ ಸಮ ತೂಕ ಇಟ್ಟರೆ ಮುಳ್ಳು ಅಲ್ಲಾಡುವುದಿಲ್ಲವೆಂದು ನಂಬಿದ್ದ. ಈ ತಕ್ಕಡಿಗೆ ಒಂದೇ ತಟ್ಟೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಎದ್ದು ಹೌದು ಅನ್ನು. ಇನ್ನೂ ಹೊತ್ತಿದೆ," ಎಂದ ಕ್ರ್ಯಾಂಡಲ್. ಅವನ ದನಿ ಈಗ ಬೇಡುವ ದನಿಯಾಗಿತ್ತು.

ಸ್ಪೀಕರ್ ಸುತ್ತಲೂ ನೋಡಿ ಕೇಳಿದ: "ಫಲಿತಾಂಶ ಹೇಳೋ ಮೊದಲು ಯಾರಾದ್ರೂ ಮತ ಬದಲಾಯಿಸೋರು ಇದೀರಾ?" ಕೇಳಿ, ಕಾದ. ಅವನೂ ಈನಕ್‌ನನ್ನೇ ನೋಡುತ್ತಿದ್ದ. ಸಭೆಯವರೆಲ್ಲ ಅವನನ್ನೇ ನೋಡುತ್ತಿದ್ದರು.

ನನ್ನ ಪಕ್ಕದ ತುಪ್ಪಳದ ಕಾಲರಿನವಳು ಗೆಳತಿಗೆ ಹೇಳಿದಳು: "ಈಗ ನೋಡ್ತಿರು, ತಿರುಗಿಬೀಳ್ತಾನೆ. ಗಣಿ ಜನ ಕಣೇ. ಅವರ ಮಾತಿಗೆ ಏನು ಬೆಲೆ?" ಗೆಳತಿ ಕಿಸಕ್ಕನೆ ನಕ್ಕಳು.

ಆ ಕ್ಷಣದಲ್ಲಿ ಈನಕ್ ತಲೆಯೆತ್ತಿ ಮೇಲೆ ನೋಡಿದ. ನನ್ನನ್ನು ಹುಡುಕಿದ. ನಾನು ಸಿಕ್ಕಿದೆ. ಅವನ ಕೈ ಮೇಜಿನ ಅಂಚಿನ ಮೇಲಿತ್ತು, ಏಳುವವನು ಇಡುವ ಹಾಗೆ. ಮದುವೆಯಾಗಿ ಇಪ್ಪತ್ತು ವರ್ಷವಾಗಿತ್ತು, ಅವನ ಕಣ್ಣಿನಲ್ಲಿದ್ದ ಪ್ರಶ್ನೆ ನನಗೆ ಓದಲು ಬಂತು. ಏಳಲಾ?

ನಾನು ತಲೆ ಅಲ್ಲಾಡಿಸಿದೆ. ಬೇಡ.

ಬರೆದೆ. ಬರೆದರೆ ಇಷ್ಟೇ ಇದೆ. ಮೂವತ್ತೆರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದು ಒಂದು ಸಾಲು.

ಯಾಕೆ ಎಂದು ನನ್ನನ್ನು ನಾನು ಕೇಳಿಕೊಳ್ಳದ ದಿನವಿಲ್ಲ. ಕೊಟ್ಟ ಮಾತು ದೊಡ್ಡದು, ನಮ್ಮ ಚಾಪೆಲ್ಲಿನಲ್ಲಿ ಹಾಗೇ ಕಲಿಸಿದ್ದರು ಎಂದು ಬಹಳ ಕಾಲ ಹೇಳಿಕೊಂಡೆ. ಹಾಗಲ್ಲ. ಆ ಹೆಂಗಸಿನ ಮುಂದೆ ನನ್ನ ಗಂಡನ ಮಾನ ಹೋಗಬಾರದು, ನನ್ನದು ಹೋಗಬಾರದು, ಅಷ್ಟೇ ಇದ್ದದ್ದು. ಮುಂದಿನ ಚಳಿಗಾಲಕ್ಕೆ ಮಸೂದೆ ಮತ್ತೆ ತಂದರಾಯಿತು ಎಂದೂ ಅನ್ನಿಸಿತು. ಆ ಗಳಿಗೆಯಲ್ಲಿ ಐವರ್‌ನ ಮುಖ ನನ್ನ ಕಣ್ಣ ಮುಂದೆ ಬರಲೇ ಇಲ್ಲ. ಇದೇ ನನ್ನನ್ನು ತಿನ್ನುವುದು. ಒಮ್ಮೆ ಬಂದಿದ್ದರೆ ಸಾಕಿತ್ತು.

ಈನಕ್ ಕೈ ಹಿಂದಕ್ಕೆ ತೆಗೆದುಕೊಂಡ. ಸ್ಪೀಕರ್ ಸುತ್ತಿಗೆ ಕುಟ್ಟಿದ. ಐವತ್ತು. ಮಸೂದೆ ಬಿತ್ತು. ನಾನು ಪಕ್ಕದವಳ ಕಡೆ ತಿರುಗಿ, "ಅವರು ನಮ್ಮ ಯಜಮಾನರು," ಎಂದೆ. ಅವಳು ಕೆಂಪಾದಳು. ನನಗೆ ಎಷ್ಟು ಖುಷಿಯಾಯಿತೋ.

ಊರಿಗೆ ಬಂದಾಗ ಯಾರೂ ಜಗಳ ತೆಗೆಯಲಿಲ್ಲ. ಒಳಗೊಳಗೆ ಬೇಜಾರಿತ್ತು, ಆದರೆ ಮಾತಿಗೆ ನಿಲ್ಲುವವನೆಂದೇ ಆರಿಸಿದವರು ಮಾತಿಗೆ ನಿಂತನೆಂದು ಹೇಗೆ ಬೈಯುತ್ತಾರೆ? ಐವರ್ ಮಾತ್ರ ನಕ್ಕ. "ಒಂದು ಹೌದು ಅಂದು ಬಾ ಅಂದ್ರೆ ಅದನ್ನೂ ಬೇರೆಯೋರಿಗೆ ಸಾಲ ಕೊಟ್ಟು ಬಂದ್ಯಲ್ಲ ಭಾವ! ಹೋಗ್ಲಿ ಬಿಡು. ಇಷ್ಟು ವರ್ಷ ನಿಂತಿದೆ ಗಣಿ, ಇನ್ನೊಂದು ವರ್ಷ ನಿಲ್ಲಲ್ವಾ?"

ಆರು ತಿಂಗಳು ನಿಂತಿತು. ಸೆಪ್ಟೆಂಬರಿನ ಒಂದು ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ನಾನು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ಗಣಿಯ ಸೀಟಿ ಹೊತ್ತಲ್ಲದ ಹೊತ್ತಿನಲ್ಲಿ ಕೂಗಿತು. ಕೂಗಿದ್ದು ನಿಲ್ಲಲೇ ಇಲ್ಲ. ಓಡಿದೆ. ತಳದ ಒಲೆಯ ಕಿಡಿ ಹಲಗೆಯ ಗೋಡೆಗೆ ತಗುಲಿ, ಬಾವಿಯೇ ಹೊಗೆಗೂಡಾಗಿ, ಮೇಲಿನ ಮರದ ಕಟ್ಟಡಕ್ಕೆ ಹತ್ತಿತ್ತು. ನಾನು ಹೋಗುವಷ್ಟರಲ್ಲಿ ಕಟ್ಟಡ ಉರಿದು ಬಾವಿಯೊಳಕ್ಕೇ ಕುಸಿಯುತ್ತಿತ್ತು. ಒಳಗೆ ನಲವತ್ತಮೂರು ಜನ. ಬರಲು ಇನ್ನೊಂದು ದಾರಿ ಇರಲಿಲ್ಲ.

ಹೆಂಗಸರೆಲ್ಲ ಅಲ್ಲೇ ನಿಂತಿದ್ದೆವು. ಎರಡು ದಿನ ನಿಂತೆವು. ಬೆಂಕಿ ಆರಿಸಿ, ಸುಟ್ಟ ತೊಲೆಗಳನ್ನು ಹಗ್ಗ ಕಟ್ಟಿ ಎಳೆದು ಬಾವಿ ತೆರವು ಮಾಡುತ್ತಿದ್ದರು. ಈನಕ್ ಮೊದಲ ಗಂಟೆಯಿಂದ ಹಗ್ಗ ಹಿಡಿದಿದ್ದ. ಎರಡನೆಯ ದಿನ ಯಾರೋ ಅವನ ಕೈಯಿಂದ ಹಗ್ಗ ಕಿತ್ತುಕೊಂಡರು. "ನೀನು ಮುಟ್ಟಬೇಡ," ಎಂದರು. ಕೂಗಾಡಲಿಲ್ಲ, ಬಡಿಯಲಿಲ್ಲ. ಮುಟ್ಟಬೇಡ ಎಂದರು ಅಷ್ಟೇ. ಅವನು ಬದಿಗೆ ಹೋಗಿ ನಿಂತ.

ಬುಧವಾರ ಇಳಿದರು. ದೂರದ ಒಂದು ಸುರಂಗದಲ್ಲಿ ಕಲ್ಲು ಪೇರಿಸಿ, ಸಂದಿಗಳಿಗೆ ತಮ್ಮ ಕೋಟು ಅಂಗಿ ತುರುಕಿ, ಹೊಗೆ ತಡೆಯಲು ಗೋಡೆ ಕಟ್ಟಿಕೊಂಡು ಅದರ ಹಿಂದೆ ಎಲ್ಲರೂ ಕೂತಿದ್ದರು. ಮೈಮೇಲೆ ಒಂದು ಸುಟ್ಟ ಗಾಯವಿರಲಿಲ್ಲ, ಉಸಿರುಗಟ್ಟಿ ಸತ್ತಿದ್ದರು. ಐವರ್‌ನನ್ನು ಮೇಲೆ ತಂದಾಗ ಮಲಗಿದ ಹಾಗಿದ್ದ. ಅವನ ಮುಖದ ಮಸಿಯನ್ನು ನನ್ನ ಲಂಗದ ಅಂಚಿನಿಂದ ಒರೆಸಿದವಳು ನಾನೇ. ಎರಡು ವರ್ಷದ ಮಗುವಾಗಿದ್ದಾಗ ಒರೆಸಿದ್ದು ಇದೇ ಮುಖ.

ಕೆಟುರಾ ಅಳಲಿಲ್ಲ. ಎದ್ದು ನೇರ ಈನಕ್ ನಿಂತಿದ್ದಲ್ಲಿಗೆ ಹೋದಳು. "ನಿನ್ನ ಮಾತು ಉಳೀತಲ್ಲ," ಎಂದಳು. "ಮನೆಗೆ ತಗೊಂಡು ಹೋಗು. ಒಲೆ ಮೇಲಿಟ್ಟು ಬೇಯಿಸ್ಕೊಂಡು ತಿನ್ನು. ನನ್ನ ಮಕ್ಕಳಿಗೂ ಒಂದು ತುಂಡು ಕಳ್ಸು."

ಈನಕ್ ಬಾಯಿ ತೆರೆಯಲಿಲ್ಲ. ನಾನು ಅವನಿಂದ ನಾಲ್ಕು ಮಾರು ದೂರದಲ್ಲಿದ್ದೆ. ನಾನೂ ತೆರೆಯಲಿಲ್ಲ. ಕೆಟುರಾ ತಿರುಗಿ ಬಂದು ನನ್ನ ಕೊರಳಿಗೆ ಬಿದ್ದಳು. "ಅತ್ತಿಗೆ, ನಿಮಗೇ ಗೊತ್ತು, ನಿಮಗೊಬ್ಬರಿಗೇ ಗೊತ್ತು," ಎಂದು ಆಗ ಅತ್ತಳು.

ಮನೆಗೆ ಬಂದ ಮೇಲೆ ಕೇಳಿದೆ. "ಯಾಕೆ ಹೇಳ್ಲಿಲ್ಲ ನೀನು?"

"ಏನಂತ ಹೇಳ್ಲಿ?"

"ನಾನು ಬೇಡ ಅಂದೆ ಅಂತ."

ಅವನು ಬೂಟಿನ ದಾರ ಬಿಚ್ಚುತ್ತಿದ್ದ. ತಲೆ ಎತ್ತಲಿಲ್ಲ. "ಗುಮಾಸ್ತ ಕರೆದದ್ದು ನನ್ನ ಹೆಸರು, ರೋಡಾ. ನಿನ್ನದಲ್ಲ."

ನಿಜ ಹೇಳಲೇ? ಆ ಮಾತು ಕೇಳಿ ನನಗೆ ಹಾಯೆನಿಸಿತು. ತಮ್ಮನನ್ನು ಇನ್ನೂ ಮಣ್ಣು ಮಾಡಿರಲಿಲ್ಲ, ಆಗಲೇ ನನ್ನ ಜೀವ ತನ್ನ ಬೆಚ್ಚನೆ ಜಾಗ ಹುಡುಕಿಕೊಂಡಿತು. ಮನುಷ್ಯರು ಎಷ್ಟು ಕೀಳಾಗಬಲ್ಲರು ಎಂದು ತಿಳಿಯಲು ನಾನು ಬೇರೆ ಯಾರನ್ನೂ ನೋಡಬೇಕಾಗಿಲ್ಲ.

ಜನವರಿಯಲ್ಲಿ ಮಸೂದೆ ಮತ್ತೆ ಬಂತು. ಈ ಸಲ ತಂದವನು ಹ್ಯಾಡ್ಲಿ. ಹೆಂಡತಿ ಸತ್ತು ಅರ್ಧ ಆಗಿದ್ದ. ಸಭೆಯಲ್ಲಿ ಎದ್ದು, ಆ ಗುರುವಾರ ತಾನು ಹೆಂಡತಿಯ ಕೈ ಹಿಡಿದು ಕೂತಿದ್ದೆ, ಅದಕ್ಕೆ ಎಡೆ ಮಾಡಿಕೊಟ್ಟವನು ಪ್ರೋಬರ್ಟ್ ಎಂದ. ಈ ಕಾನೂನಿಗೆ ಅವನ ಹೆಸರಿಡಬೇಕೆಂದ. ಎಲ್ಲರೂ ಮೇಜು ತಟ್ಟಿದರು. ತೊಂಬತ್ತೇಳು ಹೌದು ಬಿದ್ದವು. ತೊಂಬತ್ತೇಳು! ಅದರಲ್ಲಿ ನಲವತ್ತಾರು ಯಾರಿಗೂ ಬೇಕಾಗಿರಲಿಲ್ಲ. ಒಂದನ್ನು ತೆಗೆದು ಹಿಂದಿನ ಮಾರ್ಚಿಗೆ ಕೊಡಲು ಬರುವುದಿಲ್ಲ. ಈನಕ್‌ನ ಹೆಸರು ಕರೆದಾಗ ಅವನೂ 'ಹೌದು' ಎಂದನಂತೆ. ಗುಮಾಸ್ತನಿಗೆ ಕೇಳಿಸದೆ ಎರಡನೆಯ ಸಲ ಹೇಳಿಸಿದನಂತೆ. ನಾನು ಹೋಗಿರಲಿಲ್ಲ.

ನಮ್ಮ ಗಣಿಗೆ ಎರಡನೆಯ ಬಾವಿ ತೋಡಿ, ಅದರ ಬಾಯಲ್ಲಿ 'ಪ್ರೋಬರ್ಟ್ ಕಾನೂನಿನ ಪ್ರಕಾರ' ಎಂದು ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದರು. ಸತ್ತವರ ಮಕ್ಕಳು ದೊಡ್ಡವರಾಗಿ ಆ ಹಲಗೆಯ ಕೆಳಗೇ ಕೆಲಸಕ್ಕೆ ಇಳಿದರು. ಮೊದಲ ವರ್ಷ ಹಲಗೆಗೆ ಯಾರೋ ಸಗಣಿ ಬಳಿಯುತ್ತಿದ್ದರು. ಕಂಪನಿ ತೊಳೆಸುತ್ತಿತ್ತು.

ಅವಧಿ ಮುಗಿದ ಮೇಲೆ ಈನಕ್‌ನನ್ನು ಯಾರೂ ನಿಲ್ಲು ಎನ್ನಲಿಲ್ಲ. ತೂಕದ ಕೆಲಸಕ್ಕೆ ಬೇರೆಯವನಿದ್ದ. ಇಟ್ಟಿಗೆ ಗೂಡಿನಲ್ಲಿ ಸ್ವಲ್ಪ ಕಾಲ ದುಡಿದ. ಆಮೇಲೆ ಕೆಮ್ಮು ಹಿಡಿಯಿತು, ಹಿತ್ತಲಲ್ಲಿ ಆಲೂಗಡ್ಡೆ ಹಾಕಿಕೊಂಡು ಉಳಿದ. ಚಾಪೆಲ್ಲಿನಲ್ಲಿ ನಮ್ಮ ಬೆಂಚಿನ ಮುಂದಿನದೂ ಹಿಂದಿನದೂ ಖಾಲಿ ಇರುತ್ತಿದ್ದವು. ಕೊನೆಗೆ ಅವನು, "ನೀನು ಹೋಗಿ ಬಾ, ನಾನಿಲ್ಲದಿದ್ರೆ ಜನ ನಿನ್ನ ಪಕ್ಕ ಕೂರ್ತಾರೆ," ಎಂದ. ಹೋದೆ. ಕೂತರು. ಕೆಟುರಾ ನನ್ನ ಪಕ್ಕವೇ ಕೂರುತ್ತಿದ್ದಳು. ಈನಕ್ ಮನೆಯಲ್ಲಿದ್ದಾಗ ನಮ್ಮ ಹೊಸ್ತಿಲು ಮಾತ್ರ ತುಳಿಯುತ್ತಿರಲಿಲ್ಲ.

ಹನ್ನೊಂದನೆಯ ವರ್ಷದ ಏಪ್ರಿಲ್ಲಿನಲ್ಲಿ ಅವನು ಹಾಸಿಗೆ ಹಿಡಿದ. ಇನ್ನು ಏಳುವುದಿಲ್ಲವೆಂದು ಊರಿಗೆ ಗೊತ್ತಾದ ಮೇಲೆ ಒಂದು ಮಧ್ಯಾಹ್ನ ಕೆಟುರಾ ಬಂದಳು. ಅವನಿಗಾಗಿ ಅಲ್ಲ, ನನಗಾಗಿ. ಒಂದು ಬುಟ್ಟಿ ಮೊಟ್ಟೆ ತಂದಿದ್ದಳು. ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು ಕೂತಳು. ಅವನು ಮಲಗಿದ್ದ ಕೋಣೆಯ ಬಾಗಿಲು ತೆರೆದೇ ಇತ್ತು. ಅವಳು ದನಿ ತಗ್ಗಿಸಲಿಲ್ಲ.

"ಅತ್ತಿಗೆ, ನಂದು ಒಂದು ದಿನದಲ್ಲಿ ಮುಗೀತು. ನೀವು ಈ ಮನುಷ್ಯನ ಜೊತೆ ಹನ್ನೊಂದು ವರ್ಷ ಉಂಡ್ರಿ, ಮಲಗಿದ್ರಿ. ನಿಮ್ಮ ತಮ್ಮನ್ನ ಕೊಂದೋನ ಬಟ್ಟೆ ಒಗೆದ್ರಿ. ಅವತ್ತು ಮೇಲೆ ಕೂತು ನೋಡ್ತಾ ಇದ್ರಲ್ಲ, ಕೂಗೋಕೂ ಆಗದೆ. ಹೊಟ್ಟೆ ಎಷ್ಟು ಉರಿದಿರಬೇಕು. ನಾನಾಗಿದ್ರೆ ಮೇಲಿಂದಲೇ ಹಾರಿಬಿಡ್ತಿದ್ದೆ. ಉರೀಲಿಲ್ವಾ ಅತ್ತಿಗೆ?"

ಒಳಗೆ ಕೆಮ್ಮು ನಿಂತಿತ್ತು. ಅವನು ಕೇಳಿಸಿಕೊಳ್ಳುತ್ತಿದ್ದ. ಒಂದೇ ಮಾತು ಸಾಕಿತ್ತು. ಅವನು ಇನ್ನೂ ಬದುಕಿದ್ದ. ಹನ್ನೊಂದು ವರ್ಷದಲ್ಲಿ ಒಮ್ಮೆಯಾದರೂ, ಸಾಯುವ ಮುಂಚೆ, ಆ ಮಾತು ಅವನ ಕಿವಿಗೆ ಬೀಳಬಹುದಿತ್ತು. ನನ್ನ ಕೈ ಕೆಟುರಾಳ ಬಿಸಿ ಕೈಯೊಳಗಿತ್ತು.

"ಉರೀತು," ಎಂದೆ.

ಅವಳು ನನ್ನನ್ನು ತಬ್ಬಿಕೊಂಡು ಅತ್ತು ಹೋದಳು. ನಾನು ಬಹಳ ಹೊತ್ತು ಆ ಕೋಣೆಗೆ ಹೋಗಲಿಲ್ಲ. ಕೊನೆಗೆ ಹಾಲು ಬಿಸಿ ಮಾಡಿಕೊಂಡು ಹೋದೆ. ಅವನು ಗೋಡೆಯ ಕಡೆ ತಿರುಗಿ ಮಲಗಿದ್ದ. ಬೈಯಲಿ ಎಂದು ಕಾದೆ. ಬೈದಿದ್ದರೆ ಕಾಲು ಹಿಡಿಯುತ್ತಿದ್ದೆ.

"ಕೆಟುರಾ ಹೋದ್ಲಾ?" ಎಂದ.

"ಹೂಂ."

"ಒಳ್ಳೇದಾಯ್ತು ನೀನು ಹಾಗಂದದ್ದು. ನಾನು ಹೋದ ಮೇಲೆ ನಿನಗೊಬ್ಬಳಾದ್ರೂ ಇರ್ತಾಳೆ."

ಮೂರು ದಿನಕ್ಕೆ ಹೋದ. ಶವಪೆಟ್ಟಿಗೆ ಹೊರಲು ಊರಿನವರು ಯಾರೂ ಬರಲಿಲ್ಲ. ಇಟ್ಟಿಗೆ ಗೂಡಿನ ನಾಲ್ಕು ಜನ ಹೊತ್ತರು. ಮಣ್ಣು ಮಾಡಿ ಬಂದ ಸಂಜೆ ಕೆಟುರಾ ನನ್ನನ್ನು ತನ್ನ ಮನೆಗೆ ಕರೆದುಕೊಂಡು ಹೋಗಿ ಒಲೆಯ ಹತ್ತಿರ ಕೂರಿಸಿ ಬಡಿಸಿದಳು. "ಇನ್ನಾದ್ರೂ ನೆಮ್ಮದಿಯಾಗಿರಿ ಅತ್ತಿಗೆ," ಎಂದಳು. ನನಗೆ ಹಸಿವಾಗಿತ್ತು. ತಟ್ಟೆಯಲ್ಲಿದ್ದುದನ್ನೆಲ್ಲ ಉಂಡು, ಅವಳು ಇನ್ನಷ್ಟು ಹಾಕಲಾ ಎಂದಾಗ ತಟ್ಟೆ ಮುಂದೆ ಹಿಡಿದೆ.